ಮೊಬೈಲ್ ವಿಮೆ: ಕಳೆದುಹೋದ ಫೋನಿಗೆ ಹೊಣೆ ಯಾರು?

(ಮೊಹಲ್ಲಾದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಈ ಸಭೆಗೆ ನಮ್ಮನ್ನು ಕರೆದ ಯುವಕರು ಒಂದು ಚೀಟಿಯಲ್ಲಿ ಪ್ರಶ್ನೆಯೊಂದನ್ನು ಬರೆದು ಕಳುಹಿಸಿದ್ದರು. ಹೊಸ ಮೊಬೈಲ್ ಕೊಳ್ಳುವಾಗ ಅಂಗಡಿಯವರು ವಿಮೆ ಮಾಡಿಸಲು ಒತ್ತಾಯಿಸುತ್ತಾರೆ, ಕಳೆದುಹೋದರೆ ಅಥವಾ ಕಳವಾದರೆ ಪೂರ್ತಿ ಹಣ ಸಿಗುತ್ತದೆ ಎನ್ನುತ್ತಾರೆ. ಇದು ಲಾಭದಾಯಕವೇ? ಧರ್ಮಸಮ್ಮತವೇ? ಚೀಟಿ ನೋಡಿದಾಗ ಇಷ್ಟು ಚಿಕ್ಕ ವಿಷಯಕ್ಕೆ ಒಂದು ಸಭೆ ಬೇಕೇ ಎಂದು ನಮಗೂ ಅನ್ನಿಸಿತು. ಆದರೆ ನಮ್ಮ ಮನೆಗಳಲ್ಲಿ ಇಂದು ಚಿನ್ನದ ಬಳಿಕ ಅತಿ ಬೆಲೆಬಾಳುವ ವಸ್ತು ಯಾವುದೆಂದು ನೋಡಿದರೆ, ಹಲವು ಮನೆಗಳಲ್ಲಿ ಅದು ಮಗನ ಅಥವಾ ಮಗಳ ಕೈಯಲ್ಲಿರುವ ಮೊಬೈಲ್. ಅದೂ ಕಂತಿನಲ್ಲಿ ಕೊಂಡದ್ದು. ಆದುದರಿಂದ ಪ್ರಶ್ನೆ ಚಿಕ್ಕದಲ್ಲ.

ಮೊದಲು ನಮ್ಮದೇ ಮನೆಯಲ್ಲಿ ನಡೆದುದನ್ನು ಹೇಳಿಬಿಡುತ್ತೇವೆ. ನಮ್ಮ ಮಗಳು ಕಾಲೇಜಿನಿಂದ ಬಸ್ಸಿನಲ್ಲಿ ಬರುವಾಗ ಅವಳ ಚೀಲದ ಹೊರ ಜೇಬಿನಲ್ಲಿದ್ದ ಫೋನ್ ಮಾಯವಾಯಿತು. ನಿಂತುಕೊಳ್ಳಲೂ ಸ್ಥಳವಿಲ್ಲದ ಬಸ್ಸು. ಯಾರು ತೆಗೆದರು, ಎಲ್ಲಿ ತೆಗೆದರು, ಬಿದ್ದುಹೋಯಿತೋ, ಅವಳಿಗೆ ಗೊತ್ತಿಲ್ಲ. ಕೊಳ್ಳುವಾಗ ಅಂಗಡಿಯವನು ಹೇಳಿದನೆಂದು ವಿಮೆ ಮಾಡಿಸಿದ್ದೆವು. ಕಾಗದಗಳನ್ನೆಲ್ಲ ಒಪ್ಪಿಸಿ ಒಂದು ತಿಂಗಳು ಕಾದ ಬಳಿಕ ಉತ್ತರ ಬಂತು. ಬಲಪ್ರಯೋಗ ನಡೆದಿಲ್ಲ, ಚೀಲ ಹರಿದ ಗುರುತಿಲ್ಲ, ಹೀಗಾಗಿ ಇದು ಪಾಲಿಸಿಯ ಅರ್ಥದಲ್ಲಿ ಕಳವು ಅಲ್ಲ ಎಂಬುದು ಅದರ ಸಾರ. ನಮಗೆ ಸಿಟ್ಟು ಬಂತು. ಆ ಬಳಿಕ ಪಾಲಿಸಿಯ ಪೂರ್ಣ ಪಾಠವನ್ನು ತರಿಸಿ ಓದಿದೆವು. ಓದಿದಾಗ ಕಂಪೆನಿಯ ಮೇಲಿನ ಸಿಟ್ಟಿಗಿಂತ, ಓದದೆ ಸಹಿ ಹಾಕಿದ ನಮ್ಮ ಮೇಲೆಯೇ ನಾಚಿಕೆಯಾಯಿತು. ಸಾಲದ ಕರಾರನ್ನು ಬರೆದಿಟ್ಟುಕೊಳ್ಳಿರೆಂದು ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವೇ ಆದೇಶಿಸುತ್ತದೆ. ಬರೆದಿದ್ದನ್ನು ಓದಬೇಕೆಂದು ಬೇರೆ ಹೇಳಬೇಕಿತ್ತೇ?

ಮೊಬೈಲ್ ವಿಮೆಯೆಂದು ಮಾರಾಟವಾಗುವ ಎಲ್ಲವೂ ವಿಮೆಯಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಒಂದು ಬಗೆಯದು ನಿಜವಾದ ವಿಮಾ ಪಾಲಿಸಿ. ಅದನ್ನು ಕೊಡುವುದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನಿಂದ ಪರವಾನಗಿ ಪಡೆದ ಕಂಪೆನಿ. ಇನ್ನೊಂದು ಬಗೆಯದು 'ಪ್ರೊಟೆಕ್ಷನ್ ಪ್ಲಾನ್' ಎಂಬ ಹೆಸರಿನ ದುರಸ್ತಿ ಒಪ್ಪಂದ. ಪರದೆ ಒಡೆದರೆ, ನೀರು ಸೇರಿದರೆ ದುರಸ್ತಿ ಮಾಡಿಕೊಡುತ್ತಾರೆ. ಇಂತಹ ಎಷ್ಟೋ ಯೋಜನೆಗಳಲ್ಲಿ ಕಳವಿನ ಮಾತೇ ಇರುವುದಿಲ್ಲ. ಮಾರುವವನ ಬಾಯಲ್ಲಿ ಮಾತ್ರ ಎರಡೂ 'ಇನ್ಶೂರೆನ್ಸ್'. ಜಗಳ ಬಂದಾಗ ಈ ವ್ಯತ್ಯಾಸ ದೊಡ್ಡದಾಗುತ್ತದೆ. ಮೊದಲನೆಯದರ ಮೇಲೆ ವಿಮಾ ಒಂಬುಡ್ಸ್‌ಮನ್ ಬಳಿ ದೂರು ಕೊಡಬಹುದು, ಎರಡನೆಯದರ ಮೇಲೆ ಗ್ರಾಹಕ ಆಯೋಗಕ್ಕೆ ಮಾತ್ರ ಹೋಗಬಹುದು.

ಇನ್ನು ನಿಜವಾದ ವಿಮೆಯಲ್ಲೇ 'ಕಳವು' ಎಂಬ ಶಬ್ದಕ್ಕೆ ನಾವು ಮನೆಯಲ್ಲಿ ಕೊಡುವ ಅರ್ಥವಿಲ್ಲ. ಹಲವು ಪಾಲಿಸಿಗಳಲ್ಲಿ ಬೀಗ ಮುರಿದು ಒಳನುಗ್ಗಿ ಕದ್ದರೆ ಅಥವಾ ಬೆದರಿಸಿ ಕಿತ್ತುಕೊಂಡರೆ ಮಾತ್ರ ಅದು ಕಳವು. ಹೋಟೆಲಿನ ಮೇಜಿನ ಮೇಲೆ ಬಿಟ್ಟು ಕೈ ತೊಳೆಯಲು ಹೋದಾಗ ಹೋದರೆ ಅದು 'ಗಮನವಿಲ್ಲದೆ ಬಿಟ್ಟದ್ದು'. ವುಝೂ ಮಾಡುವಾಗ ಮಸೀದಿಯ ಕಟ್ಟೆಯ ಮೇಲಿಟ್ಟದ್ದೂ ಅದೇ. ಎಲ್ಲಿ ಹೋಯಿತೆಂದು ತಿಳಿಯದೆ ಹೋದರೆ ಅದು 'ನಿಗೂಢ ಕಣ್ಮರೆ'. ಇವು ಮೂರಕ್ಕೂ ಹಣವಿಲ್ಲ. ಈಗ ನೀವೇ ನೆನಪಿಸಿಕೊಳ್ಳಿ. ನಿಮ್ಮ ಬಂಧುಬಳಗದಲ್ಲಿ ಫೋನ್ ಕಳೆದುಕೊಂಡವರಲ್ಲಿ ಎಷ್ಟು ಮಂದಿ ಚಾಕು ತೋರಿಸಿದವನಿಗೆ ಒಪ್ಪಿಸಿದರು? ಎಷ್ಟು ಮಂದಿ ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಯ ಹಾಲಿನಲ್ಲಿ, ಆಟೋದ ಆಸನದ ಮೇಲೆ ಕಳೆದುಕೊಂಡರು? ನಾವು ಸಾಮಾನ್ಯವಾಗಿ ಫೋನ್ ಕಳೆದುಕೊಳ್ಳುವ ರೀತಿಯನ್ನೇ ಆ ವಿಮೆ ಹೊರಗಿಟ್ಟಿದೆ.

ಒಂದು ಲೆಕ್ಕ ಹಾಕೋಣ. ಈ ಅಂಕಿಗಳು ಯಾವ ಕಂಪೆನಿಯವೂ ಅಲ್ಲ, ಅರ್ಥವಾಗಲೆಂದು ನಾವು ಇಟ್ಟುಕೊಂಡವು. ಫೋನಿನ ಬೆಲೆ 18,000 ರೂ. ವಿಮೆಗೆ 1,200 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ 216 ರೂ. ಒಟ್ಟು 1,416. ಹತ್ತನೆಯ ತಿಂಗಳಲ್ಲಿ ಫೋನ್ ಕಳವಾಯಿತು, ಕಂಪೆನಿ ಒಪ್ಪಿಕೊಂಡೂ ಬಿಟ್ಟಿತು ಎನ್ನೋಣ. ಆಗಲೂ 18,000 ಕೈಗೆ ಬರುವುದಿಲ್ಲ. ಹಳತಾದುದಕ್ಕೆ ಸವಕಳಿಯೆಂದು ಶೇ. 40 ಕಳೆದರೆ 10,800. ಪ್ರತಿ ಕ್ಲೇಮಿನಲ್ಲೂ ಗ್ರಾಹಕನೇ ಹೊರಬೇಕಾದ ಪಾಲೆಂದು ಅದರಲ್ಲಿ ಶೇ. 5 ಕಳೆದರೆ 10,260. ಅಂದರೆ ಏಳು ವರ್ಷಕ್ಕೊಮ್ಮೆಯಾದರೂ ನಮ್ಮ ಫೋನ್ ಕಳವಾಗಬೇಕು, ಅದೂ ಕಂಪೆನಿ ಮೆಚ್ಚುವ ರೀತಿಯಲ್ಲೇ ಕಳವಾಗಬೇಕು. ಆಗ ಮಾತ್ರ ಕೊಟ್ಟದ್ದಕ್ಕೆ ಪಡೆದದ್ದು ಸರಿದೂಗುತ್ತದೆ. ನಾಲ್ಕು ಫೋನುಗಳಿರುವ ಮನೆ ವರ್ಷಕ್ಕೆ 5,664 ರೂ. ಕಟ್ಟುತ್ತದೆ, ಮೂರು ವರ್ಷಕ್ಕೆ 16,992. ಆ ಹಣ ಒಂದು ಡಬ್ಬಿಯಲ್ಲಿ ಬಿದ್ದಿದ್ದರೆ ಹೆಚ್ಚೂಕಡಿಮೆ ಒಂದು ಹೊಸ ಫೋನು ಬರುತ್ತಿತ್ತು.

ಹಾಗಾದರೆ ವಿಮೆಯೆಂಬುದೇ ಮೋಸವೇ ಎಂದು ಯಾರಾದರೂ ಕೇಳಬಹುದು. ಹಾಗೆಂದು ನಾವು ಹೇಳುತ್ತಿಲ್ಲ. ಸಂಗ್ರಹವಾದ ಪ್ರೀಮಿಯಂನಿಂದಲೇ ಕ್ಲೇಮು, ಅಂಗಡಿಯವನ ಕಮಿಷನ್ನು, ಕಚೇರಿ ಖರ್ಚು, ಕಂಪೆನಿಯ ಲಾಭ ಎಲ್ಲವೂ ಹುಟ್ಟಬೇಕು. ಆದುದರಿಂದ ಸರಾಸರಿ ಗ್ರಾಹಕನಿಗೆ ಕಟ್ಟಿದ್ದಕ್ಕಿಂತ ಕಡಿಮೆಯೇ ಮರಳುತ್ತದೆ. ಒಂದು ಕುಟುಂಬವನ್ನೇ ಮುಳುಗಿಸಬಲ್ಲ ನಷ್ಟಕ್ಕೆ ಆ ಬೆಲೆ ತೆರುವುದರಲ್ಲಿ ಅರ್ಥವಿದೆ. ಫೋನು ಹೋದರೆ ದುಃಖವಾಗುತ್ತದೆ, ಮನೆ ಮುಳುಗುವುದಿಲ್ಲ. ಅಂಗಡಿಗೆ ಬೆಂಕಿ ಬಿದ್ದರೆ ಏನೆಂದು ಯೋಚಿಸದ, ಆಸ್ಪತ್ರೆಯ ಬಿಲ್ಲಿಗೆ ಬಡ್ಡಿಗೆ ಸಾಲ ತರುವ ನಮ್ಮ ಪಟ್ಟಣಗಳ ಕುಟುಂಬಗಳು ಫೋನಿಗೆ ವಿಮೆ ಮಾಡಿಸುತ್ತಿವೆ! ಅಂಗಡಿಯವನು ಕೇಳಿದ್ದು ಅದೊಂದನ್ನೇ ಎಂಬುದಷ್ಟೇ ಅದಕ್ಕೆ ಕಾರಣ.

ಇನ್ನು ಶರೀಅತ್ತಿನ ಮಾತು. ನಾವು ಮುಫ್ತಿಗಳಲ್ಲ, ಫತ್ವಾ ಕೊಡುವ ಧೈರ್ಯವೂ ನಮಗಿಲ್ಲ. ತಿಳಿದವರು ಹೇಳಿರುವುದನ್ನು ಮಾತ್ರ ಮುಂದಿಡುತ್ತೇವೆ. ಏನು ಸಿಗುತ್ತದೆ, ಸಿಗುತ್ತದೆಯೋ ಇಲ್ಲವೋ ಎಂಬುದು ಅನಿಶ್ಚಿತವಾಗಿರುವ ವ್ಯಾಪಾರವನ್ನು ಪ್ರವಾದಿವರ್ಯರು(ಸ) ನಿಷೇಧಿಸಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಫಿಕ್ಹ್‌ನ ಭಾಷೆಯಲ್ಲಿ ಅದು ಗರರ್. ನೀರಿನಲ್ಲಿರುವ ಮೀನನ್ನು ಹಿಡಿಯುವ ಮೊದಲೇ ಮಾರುವುದು ಅದಕ್ಕೆ ಕೊಡುವ ಹಳೆಯ ಉದಾಹರಣೆ. ಇದರ ಜೊತೆಗೆ ಬಡ್ಡಿ ಮತ್ತು ಜೂಜಿನ ಅಂಶಗಳನ್ನೂ ಗಮನಿಸಿ, ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಅಧೀನದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು 1985ರ ಡಿಸೆಂಬರಿನಲ್ಲಿ ಜಿದ್ದಾದಲ್ಲಿ ಸೇರಿ, ನಿಗದಿತ ಪ್ರೀಮಿಯಂನ ವಾಣಿಜ್ಯ ವಿಮೆ ನಿಷಿದ್ಧವೆಂದೂ ಪರಸ್ಪರ ಸಹಾಯದ ಸಹಕಾರಿ ವಿಮೆ ಅನುಮತಿಸಲ್ಪಟ್ಟದ್ದೆಂದೂ ತೀರ್ಮಾನಿಸಿತು. ಸಿರಿಯದ ಮುಸ್ತಫಾ ಅಝ್ಝರ್ಕಾರಂತಹ ದೊಡ್ಡ ವಿದ್ವಾಂಸರು ವಾಣಿಜ್ಯ ವಿಮೆಯನ್ನೂ ಅನುಮತಿಸಬಹುದೆಂದು ವಾದಿಸಿದ್ದರು. ಭಿನ್ನಾಭಿಪ್ರಾಯವಿದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ನಮ್ಮ ದೇಶದ ಉಲಮಾಗಳ ಮುಂದೆ ಈ ಪ್ರಶ್ನೆ ಬಂದದ್ದು ಬೇರೆಯೇ ರೂಪದಲ್ಲಿ. ಕೋಮುಗಲಭೆಗಳಲ್ಲಿ ಅಂಗಡಿ, ಮನೆ, ಕಾರ್ಖಾನೆಗಳು ಒಂದೇ ರಾತ್ರಿಯಲ್ಲಿ ಬೂದಿಯಾಗುತ್ತಿದ್ದ ದಿನಗಳವು. 1965ರಲ್ಲಿ ಲಕ್ನೋದ ನದ್ವತುಲ್ ಉಲಮಾದ ಸಂಶೋಧನಾ ಮಜ್ಲಿಸ್, ಬಳಿಕ 1992ರಲ್ಲಿ ಭಾರತದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ, ಇಂತಹ ಅನಿವಾರ್ಯ ಸ್ಥಿತಿಯಲ್ಲಿ ಜೀವ ಮತ್ತು ಆಸ್ತಿಯ ವಿಮೆಗೆ ಅವಕಾಶವಿದೆಯೆಂಬ ನಿಲುವು ತಳೆದವು. ಅವರು ತೂಗಿದ್ದು ಸುಟ್ಟುಹೋದ ಬದುಕನ್ನು. ಸರಕಾರ ಪ್ರಜೆಯ ಆಸ್ತಿಯನ್ನು ಕಾಪಾಡಲಿಲ್ಲ, ಸುಟ್ಟ ಬಳಿಕ ಪರಿಹಾರವನ್ನೂ ಸರಿಯಾಗಿ ಕೊಡಲಿಲ್ಲ ಎಂಬ ಕಹಿ ಅನುಭವ ಆ ತೀರ್ಮಾನಗಳ ಹಿಂದಿದೆ. ಬಸ್ಸಿನಲ್ಲಿ ಕಳೆದ ಫೋನಿಗೆ ಅದೇ ಅನಿವಾರ್ಯತೆಯ ಆಧಾರ ಕೊಡಬಹುದೆಂದು ನಮಗೆ ತೋರುವುದಿಲ್ಲ. ಮೋಟಾರು ವಾಹನದ ಥರ್ಡ್ ಪಾರ್ಟಿ ವಿಮೆಯಂತೆ ಕಾನೂನೇನೂ ಇದನ್ನು ಕಡ್ಡಾಯ ಮಾಡಿಲ್ಲ. ಬಡ್ಡಿಯ ಕಂತಿನಲ್ಲಿ ಫೋನು ಕೊಂಡು, ಬಳಿಕ ಅದರ ವಿಮೆ ಹಲಾಲೋ ಹರಾಮೋ ಎಂದು ಕೇಳುವವರೂ ನಮ್ಮಲ್ಲಿದ್ದಾರೆ. ಅವರಿಗೆ ಏನು ಹೇಳುವುದೆಂದು ನಮಗೆ ತೋಚುವುದಿಲ್ಲ.

ನಷ್ಟವನ್ನು ಹಂಚಿಕೊಳ್ಳುವುದು ಇಸ್ಲಾಮಿಗೆ ಹೊಸದಲ್ಲ. ಅಶ್‌ಅರಿ ಗೋತ್ರದವರು ಆಹಾರ ಕಡಿಮೆಯಾದಾಗ ಪ್ರತಿಯೊಬ್ಬರ ಬಳಿ ಇದ್ದುದನ್ನೆಲ್ಲ ಒಂದೇ ಬಟ್ಟೆಯಲ್ಲಿ ಸುರಿದು ಸಮನಾಗಿ ಹಂಚಿಕೊಳ್ಳುತ್ತಿದ್ದರೆಂದೂ, ಪ್ರವಾದಿವರ್ಯರು(ಸ) ಅವರನ್ನು ತನ್ನವರೆಂದು ಮೆಚ್ಚಿದರೆಂದೂ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಆ ತಳಹದಿಯ ಮೇಲೆಯೇ 1979ರಲ್ಲಿ ಸುಡಾನಿನಲ್ಲಿ ತಕಾಫುಲ್ ಕಂಪೆನಿ ಆರಂಭವಾಯಿತು, 1984ರಲ್ಲಿ ಮಲೇಶ್ಯಾ ಅದಕ್ಕಾಗಿ ಕಾನೂನನ್ನೇ ಮಾಡಿತು. ನಾವು ಅಷ್ಟು ದೂರ ಹೋಗಬೇಕಿಲ್ಲ. ಹತ್ತು ಮನೆಗಳು ತಿಂಗಳಿಗೆ ನೂರು ರೂಪಾಯಿಯಂತೆ ದಾನದ ನಿಯ್ಯತ್ತಿನಿಂದ ಒಂದು ನಿಧಿಗೆ ಹಾಕಿದರೆ ವರ್ಷಕ್ಕೆ 12,000 ಆಗುತ್ತದೆ. ಫೋನಿನ ಮೇಲೆಯೇ ಜೀವನ ನಡೆಸುವ ಡೆಲಿವರಿ ಹುಡುಗನ ಅಥವಾ ಮನೆಯಲ್ಲೇ ಹೊಲಿಗೆಯ ಆರ್ಡರು ಪಡೆಯುವ ವಿಧವೆಯ ಫೋನು ಕಳೆದರೆ ಆ ನಿಧಿ ಒಂದು ವಾರದಲ್ಲಿ ನೆರವಾಗಬಹುದು. ಚೀಲ ಹರಿದಿತ್ತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇಷ್ಟು ಹೊತ್ತು ಫೋನಿನ ಬೆಲೆಯ ಕುರಿತು ಮಾತಾಡಿದೆವು. ನಿಜವಾದ ಅಪಾಯ ಬೇರೆಡೆಯಿದೆ. ಕಳೆದ ಫೋನಿನೊಳಗೆ ಸಿಮ್ ಇದೆ, ಅದಕ್ಕೆ ಬ್ಯಾಂಕ್ ಖಾತೆ ಜೋಡಣೆಯಾಗಿದೆ, ಮನೆಯ ಹೆಣ್ಣುಮಕ್ಕಳ ಚಿತ್ರಗಳಿವೆ. ಇವ್ಯಾವುದನ್ನೂ ಆ ಫೋನಿನ ವಿಮೆ ಮರಳಿಸದು. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಮೂರನೆಯವರ ಮೋಸದಿಂದ ಖಾತೆಯ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕನ ಮೇಲೆ ಹೊಣೆಯಿಲ್ಲ. ತಡವಾದಷ್ಟೂ ಹೊಣೆ ಅವನ ಮೇಲೆ ಬೀಳುತ್ತದೆ.

ಇಲ್ಲಿ ತಂದೆಯಂದಿರಿಗೆ ಒಂದು ಮಾತು. ನಮ್ಮ ಮಗಳ ಫೋನು ಹೋದದ್ದು ಮಧ್ಯಾಹ್ನ. ಅವಳು ನಮಗೆ ಹೇಳಿದ್ದು ರಾತ್ರಿ ಊಟವಾದ ಮೇಲೆ. ಬೈಯುತ್ತೇವೆ, ಇನ್ನು ಫೋನೇ ಕೊಡಿಸುವುದಿಲ್ಲ, ಬಹುಶಃ ಕಾಲೇಜನ್ನೂ ಬಿಡಿಸುತ್ತೇವೆ ಎಂಬ ಭಯ ಅವಳಿಗೆ. ಆ ಎಂಟು ಗಂಟೆಗಳಲ್ಲಿ ಕಳ್ಳನಿಗೆ ಏನೂ ಮಾಡಬಹುದಿತ್ತು. ಮನೆಯಲ್ಲಿ ಮಕ್ಕಳು ಹೇಳಲು ಹೆದರುವ ವಾತಾವರಣವನ್ನು ನಾವೇ ನಿರ್ಮಿಸಿದ್ದೆವು.

ಪೊಲೀಸ್ ಠಾಣೆಗೆ ಹೋಗಲು ನಮ್ಮವರು ಹಿಂಜರಿಯುತ್ತಾರೆಂಬುದು ನಿಜ. ಆ ಹಿಂಜರಿಕೆಗೆ ಕಾರಣಗಳೂ ಇವೆ, ಅವುಗಳ ಬಗ್ಗೆ ಈ ಪತ್ರಿಕೆಯ ಪುಟಗಳಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಆದರೆ ನಮ್ಮ ಹೆಸರಿನ ಸಿಮ್ ಬೇರೊಬ್ಬನ ಕೈಯಲ್ಲಿದ್ದು ಅದರಿಂದ ಅಪರಾಧವೊಂದು ನಡೆದರೆ, ಪೊಲೀಸರು ಮೊದಲು ಬರುವುದು ನಮ್ಮ ಬಾಗಿಲಿಗೆ. ಅಂದು ನಮ್ಮ ಕೈಯಲ್ಲಿ ದಿನಾಂಕ ಸಹಿತ ದೂರಿನ ಪ್ರತಿಯಿದ್ದರೆ ಅದೇ ನಮಗೆ ರಕ್ಷಣೆ. ನಮ್ಮ ಯುವಕರ ಮೇಲೆ ಸುಲಭವಾಗಿ ಸಂಶಯ ಮೂಡುವ ಈ ಕಾಲದಲ್ಲಿ ಅದರ ಬೆಲೆ ಯಾವ ಪಾಲಿಸಿಗಿಂತಲೂ ಹೆಚ್ಚು. ಹಾಗಾಗಿ ಮೊದಲು ಸಿಮ್ ನಿಲ್ಲಿಸಬೇಕು, ಬ್ಯಾಂಕಿಗೆ ತಿಳಿಸಬೇಕು, ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಬೇಕು, ದೂರು ಕೊಡಬೇಕು. ಬಳಿಕ ಫೋನನ್ನೇ ನಿಷ್ಕ್ರಿಯಗೊಳಿಸಬೇಕು.

ಆ ಕೊನೆಯ ಕೆಲಸ ಪೂರ್ತಿ ಉಚಿತ. 2023ರ ಮೇ 16ರಂದು ದೇಶವ್ಯಾಪಿಯಾಗಿ ಆರಂಭವಾದ ಸಂಚಾರ್ ಸಾಥಿ ತಾಣದ ಸಿಇಐಆರ್ ವಿಭಾಗದಲ್ಲಿ ದೂರಿನ ಪ್ರತಿ ಮತ್ತು ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆ ಕೊಟ್ಟರೆ, ಆ ಫೋನು ದೇಶದ ಯಾವ ಜಾಲದಲ್ಲೂ ಕೆಲಸ ಮಾಡದಂತೆ ತಡೆಯಲಾಗುತ್ತದೆ. ಯಾರಾದರೂ ಅದಕ್ಕೆ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಸರಕಾರ ಇದೇ ಹೆಸರಿನ ಆ್ಯಪನ್ನು ಪ್ರತಿ ಹೊಸ ಫೋನಿನಲ್ಲೂ ಮೊದಲೇ ತುಂಬಿ ಕೊಡಬೇಕೆಂದು 2025ರ ನವೆಂಬರ್ ಕೊನೆಯಲ್ಲಿ ತಯಾರಕರಿಗೆ ಸೂಚಿಸಿದಾಗ, ಇದು ಪ್ರಜೆಗಳ ಖಾಸಗಿತನದ ಮೇಲೆ ಕಣ್ಣಿಡುವ ಯತ್ನವೆಂದು ದೇಶದಾದ್ಯಂತ ವಿರೋಧ ಬಂತು, ಡಿಸೆಂಬರ್ 3ರಂದು ಆ ಕಡ್ಡಾಯವನ್ನು ಕೈಬಿಡಲಾಯಿತು. ಆ ವಿರೋಧ ನ್ಯಾಯವಾದದ್ದು. ಆದರೆ ಆ್ಯಪ್ ಇಲ್ಲದೆಯೂ ತಾಣದ ಮೂಲಕ ಫೋನನ್ನು ತಡೆಯಬಹುದು.

ಈಗಾಗಲೇ ವಿಮೆ ಮಾಡಿಸಿದವರು ಕಾಗದಗಳನ್ನು ಜೋಪಾನವಾಗಿಡಿ. ತಡವಾಗಿ ತಿಳಿಸಿದಿರಿ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಿದರೆ ಸುಮ್ಮನಾಗಬೇಡಿ. ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ ಕಂಪೆನಿಗೆ ತಿಳಿಸುವಲ್ಲಾದ ವಿಳಂಬವೊಂದೇ ನೈಜ ಕ್ಲೇಮನ್ನು ನಿರಾಕರಿಸಲು ಸಾಕಾಗದೆಂದು ಸುಪ್ರೀಂ ಕೋರ್ಟು 2020ರ ಜನವರಿಯಲ್ಲಿ ವಾಹನ ಕಳವಿನ ಪ್ರಕರಣವೊಂದರಲ್ಲಿ ಹೇಳಿದೆ. ಒಂಬುಡ್ಸ್‌ಮನ್‌ರ ಕಚೇರಿ ಬೆಂಗಳೂರಿನಲ್ಲಿದೆ, ಶುಲ್ಕವಿಲ್ಲ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಇನ್ನು, ಹೇಳಲು ನಮಗೆ ಕಷ್ಟವಾಗುವ ಮಾತು. ಕದ್ದ ಫೋನು ಎಲ್ಲಿಗೆ ಹೋಗುತ್ತದೆ? ಕೊಳ್ಳುವವರಿಲ್ಲದಿದ್ದರೆ ಕಳ್ಳನಿಗೆ ಅದರಿಂದ ಪ್ರಯೋಜನವಿಲ್ಲ. ಮೊಬೈಲ್ ದುರಸ್ತಿ ಮತ್ತು ಹಳೆ ಫೋನುಗಳ ವ್ಯಾಪಾರ ನಮ್ಮ ಸಮುದಾಯದ ಸಾವಿರಾರು ಯುವಕರಿಗೆ ಅನ್ನ ಕೊಟ್ಟಿದೆ. ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕರು. ಆದರೆ ಬಿಲ್ಲಿಲ್ಲದೆ, ಡಬ್ಬಿಯಿಲ್ಲದೆ, ಮಾರುಕಟ್ಟೆಯ ಮೂರನೇ ಒಂದು ಬೆಲೆಗೆ ಬಂದ ಫೋನನ್ನು ಪ್ರಶ್ನಿಸದೆ ಕೊಳ್ಳುವ ಕೆಲವರಿಂದ ಎಲ್ಲರ ಹೆಸರು ಕೆಡುತ್ತದೆ. ಕಳವಿನ ಮಾಲೆಂದು ತಿಳಿದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಇಟ್ಟುಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆಯಿದೆ. ಐಎಂಇಐ ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಸಜೆ, 50 ಲಕ್ಷ ರೂ.ವರೆಗೆ ದಂಡ. ಹಳೆ ಫೋನು ಕೊಳ್ಳುವ ಮುನ್ನ ಕೆ.ವೈ.ಎಂ. ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಐಎಂಇಐ ಬರೆದು 14422ಕ್ಕೆ ಸಂದೇಶ ಕಳುಹಿಸಿದರೆ ಫೋನಿನ ಸ್ಥಿತಿ ತಿಳಿಯುತ್ತದೆ.

ದಾರಿಯಲ್ಲಿ ಬಿದ್ದು ಸಿಕ್ಕ ವಸ್ತುವಿನ ಕುರಿತು ಪ್ರವಾದಿವರ್ಯರನ್ನು(ಸ) ಕೇಳಿದಾಗ, ಅದರ ಚೀಲ ಮತ್ತು ಕಟ್ಟಿದ ದಾರದ ಗುರುತನ್ನು ನೆನಪಿಟ್ಟುಕೊಂಡು ಒಂದು ವರ್ಷ ಸಾರಬೇಕೆಂದು ಹೇಳಿದ್ದು ಬುಖಾರಿಯಲ್ಲಿದೆ. ಅಂದಿನ ಚೀಲ ಮತ್ತು ದಾರದ ಸ್ಥಾನದಲ್ಲಿ ಇಂದು ಐಎಂಇಐ ಇದೆ. ಸಿಕ್ಕ ಫೋನನ್ನು ಸ್ವಿಚ್ ಆಫ್ ಮಾಡಿ ಸಿಮ್ ಎಸೆಯುವವನು ಒಡೆಯನ ಗುರುತನ್ನೇ ಅಳಿಸುತ್ತಿದ್ದಾನೆ.

ನಮ್ಮ ಮಗಳ ಫೋನಿನ ಕಥೆ ವಿಮಾ ಕಂಪೆನಿಯ ಪತ್ರದಲ್ಲಿ ಮುಗಿಯಲಿಲ್ಲ. ನಾಲ್ಕು ತಿಂಗಳ ಬಳಿಕ ಠಾಣೆಯಿಂದ ಕರೆ ಬಂತು, ಫೋನು ಸಿಕ್ಕಿತ್ತು. ಅಲ್ಲಿ ಬೆಂಚಿನ ಮೇಲೆ ಒಬ್ಬ ಗಾರೆ ಕೆಲಸದ ಯುವಕ ಕುಳಿತಿದ್ದ. ತಲೆಯ ಮೇಲೆ ಟೋಪಿ, ಕೈಗಳಲ್ಲಿ ಇನ್ನೂ ಸಿಮೆಂಟು. ಊರಿನಲ್ಲಿರುವ ಹೆಂಡತಿಗೆ ಮಗುವನ್ನು ತೋರಿಸಲು ಹೇಳಿ ಮಾತಾಡಲೆಂದು 4,000 ರೂ.ಗೆ ಕೊಂಡಿದ್ದನಂತೆ. ಬಿಲ್ಲು ಕೊಟ್ಟಿರಲಿಲ್ಲ. ಕೊಂಡ ಅಂಗಡಿಯ ಹೆಸರು ಹೇಳಿದ. ಅದು ನಾವು ಅಸರ್ ನಮಾಝ್ ಮಾಡುವ ಮಸೀದಿಯಿಂದ ಕೂಗಳತೆಯಲ್ಲಿತ್ತು, ಅದರ ಮಾಲಕ ಬಹುಶಃ ನಮ್ಮದೇ ಸಫ್ಫಿನಲ್ಲಿ ನಿಲ್ಲುವವನು. ತನ್ನ 4,000 ರೂಪಾಯಿ ಯಾರು ಕೊಡುತ್ತಾರೆಂದು ಆ ಯುವಕ ನಮ್ಮನ್ನು ಕೇಳಿದ. ಅದು ಅವನ ಎಷ್ಟೋ ದಿನಗಳ ಕೂಲಿ. ನಾವು ಕೊಟ್ಟೆವು, ಬಳಿಕ ಜಮಾಅತಿನ ಇಬ್ಬರು ಹಿರಿಯರೊಂದಿಗೆ ಆ ಅಂಗಡಿಗೆ ಹೋದೆವು. ಅಂದಿನಿಂದ ಅಲ್ಲಿ ಒಂದು ಪುಸ್ತಕವಿದೆ: ಮಾರಿದವನ ಹೆಸರು, ಗುರುತಿನ ಚೀಟಿ, ಐಎಂಇಐ, ಸಹಿ. ಊರಿನ ಇನ್ನುಳಿದ ಅಂಗಡಿಗಳಲ್ಲಿ ಇನ್ನೂ ಆಗಿಲ್ಲ.

ಇಶಾ ಅಝಾನಿಗೆ ಹೆಚ್ಚು ಹೊತ್ತಿಲ್ಲ. ಹೊರಗೆ ಮೆಟ್ಟಿಲ ಬಳಿ ಯುವಕರು ಮೇಜು ಹಾಕಿ ಕುಳಿತಿದ್ದಾರೆ. ನಿಮ್ಮ ಫೋನಿನಲ್ಲಿ ನಕ್ಷತ್ರ, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಐಎಂಇಐ ಕಾಣುತ್ತದೆ. ಎರಡು ಸಿಮ್‌ನ ಫೋನಾದರೆ ಎರಡು ಸಂಖ್ಯೆಗಳಿರುತ್ತವೆ, ಎರಡನ್ನೂ ಅವರು ಕೊಡುವ ಚೀಟಿಯಲ್ಲಿ ಬರೆದುಕೊಂಡು ಮನೆಯ ಪಡಿತರ ಚೀಟಿಯ ಜೊತೆ ಇಟ್ಟುಬಿಡಿ. ಸಹೋದರಿಯರಿಗಾಗಿ ಮೇಲಿನ ಮಹಡಿಯಲ್ಲಿ ಬೇರೆ ಮೇಜಿದೆ.